ಸಂಬಳ ನಿಂತ ಮೇಲೆ ನಮ್ಮ ಮನೆಯ ಲೆಕ್ಕ

2023ರ ಸೆಪ್ಟೆಂಬರ್ ಕೊನೆಯಲ್ಲಿ ನಮ್ಮ ಯಜಮಾನರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಎಂಟು ವರ್ಷ ಮಾಡಿದ ಕೆಲಸ ಹೋಯಿತು. ಕಡಿತವೆಲ್ಲ ಕಳೆದು ಕೈಗೆ ಬರುತ್ತಿದ್ದ 70,000 ರೂಪಾಯಿ ಸಂಬಳವೇ ನಮ್ಮ ಮನೆಯ ಏಕೈಕ ಆದಾಯವಾಗಿತ್ತು. ಮಹಾಲಕ್ಷ್ಮಿ ಲೇಔಟಿನ ಬಾಡಿಗೆ ಮನೆ, ಒಂಬತ್ತನೆಯ ಮತ್ತು ನಾಲ್ಕನೆಯ ತರಗತಿಯಲ್ಲಿ ಓದುತ್ತಿದ್ದ ಇಬ್ಬರು ಮಕ್ಕಳು, ಬಿ.ಪಿ. ಮತ್ತು ಸಕ್ಕರೆ ಕಾಯಿಲೆ ಎರಡಕ್ಕೂ ಮಾತ್ರೆ ತೆಗೆದುಕೊಳ್ಳುವ ಅತ್ತೆಯವರು, ಎಲ್ಲವೂ ಅದರಲ್ಲಿಯೇ ನಡೆಯಬೇಕಿತ್ತು. ನಾನು ಬಿ.ಕಾಂ. ಓದಿದವಳು, ಆದರೆ ಮದುವೆಯಾದ ಮೇಲೆ ಹೊರಗೆ ಕೆಲಸ ಮಾಡಿರಲಿಲ್ಲ. ಮನೆಯ ಖರ್ಚಿನ ಪುಸ್ತಕ ಮಾತ್ರ ಮೊದಲಿನಿಂದಲೂ ನನ್ನ ಕೈಯಲ್ಲೇ ಇತ್ತು.

ಆದಾಯವಿರುವ ಮನೆಯ ಲೆಕ್ಕಕ್ಕೂ ಆದಾಯ ನಿಂತ ಮನೆಯ ಲೆಕ್ಕಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಈ ತಿಂಗಳು ಎಷ್ಟು ಉಳಿಯಿತು ಎಂದು ನೋಡುತ್ತೇವೆ. ಎರಡನೆಯದರಲ್ಲಿ ಕೈಯಲ್ಲಿರುವುದು ಎಷ್ಟು ತಿಂಗಳಿಗೆ ಬರುತ್ತದೆ ಎಂಬುದೊಂದೇ ಪ್ರಶ್ನೆ. ಆದ್ದರಿಂದ ನಾನು ಹೊಸ ನೋಟ್‌ಪುಸ್ತಕವೊಂದನ್ನು ತೆಗೆದು, ಎಡಗಡೆಯ ಹಾಳೆಯಲ್ಲಿ ಇರುವ ಹಣವನ್ನೂ ಬಲಗಡೆಯಲ್ಲಿ ತಿಂಗಳ ಖರ್ಚನ್ನೂ ಬರೆದೆ. ಕೈಗೆ ಬಂದಾಗಿರುವ ಹಣವನ್ನು ಪೆನ್ನಿನಲ್ಲಿ ಬರೆದರೆ, ಬರಬೇಕಾದದ್ದನ್ನು ಪೆನ್ಸಿಲಿನಲ್ಲಿ ಬರೆದೆ. ಉಳಿತಾಯ ಖಾತೆಯ 85,000, ಮುರಿಸಿದ ಆರ್.ಡಿ.ಯ 33,000, ಚೀಟಿಯಿಂದ ಬಂದ 46,000 ಪೆನ್ನಿನಲ್ಲಿದ್ದವು. ಕೆಲಸ ಬಿಟ್ಟಾಗ ಕಂಪನಿಯವರು ಕೊಡಬೇಕಾದ ಗ್ರಾಚ್ಯುಯಿಟಿ ಮಾತ್ರ ಪೆನ್ಸಿಲಿನಲ್ಲಿತ್ತು.

ಚೀಟಿಯ ವಿಷಯವನ್ನು ಸ್ವಲ್ಪ ವಿವರಿಸಬೇಕು. ತಿಂಗಳಿಗೆ 5,000 ಕಟ್ಟುತ್ತಿದ್ದ ಆ ಚೀಟಿಯನ್ನು ಕೂಗಿ ಎತ್ತಿಬಿಡಬಹುದಲ್ಲ ಎಂದು ಮೊದಲು ಯೋಚಿಸಿದೆವು. ಆದರೆ ಎತ್ತಿದ ಹಣ ಕೈಗೆ ಬರಬೇಕಾದರೆ ಜಾಮೀನು ಬೇಕು, ಎತ್ತಿದ ಮೇಲೂ ಉಳಿದ ಕಂತುಗಳನ್ನು ಪ್ರತಿ ತಿಂಗಳೂ ಕಟ್ಟಲೇಬೇಕು. ಸಂಬಳವಿಲ್ಲದ ಮನೆಗೆ ಇವೆರಡೂ ಭಾರವೇ. ಅದು ನೋಂದಾಯಿತ ಚೀಟಿಯಾಗಿದ್ದುದರಿಂದ, ನಡೆಸುವವರ ಒಪ್ಪಿಗೆ ಪಡೆದು ನನ್ನ ತಮ್ಮನ ಹೆಸರಿಗೆ ವರ್ಗಾಯಿಸಿದೆವು. ಅಲ್ಲಿಯವರೆಗೆ ನಾವು ಕಟ್ಟಿದ್ದನ್ನು ಅವನು ನಮಗೆ ಕೊಟ್ಟು ಮುಂದಿನ ಕಂತುಗಳನ್ನು ವಹಿಸಿಕೊಂಡ.

ಗ್ರಾಚ್ಯುಯಿಟಿಯ ಲೆಕ್ಕವನ್ನು ಕೆಲಸ ಬಿಡುವ ಪ್ರತಿಯೊಬ್ಬರೂ ತಾವೇ ಹಾಕಿಕೊಳ್ಳಬೇಕು. ಐದು ವರ್ಷ ಸತತವಾಗಿ ದುಡಿದವರಿಗೆ ಆಗ ಜಾರಿಯಲ್ಲಿದ್ದ 1972ರ ಕಾಯ್ದೆಯ ಪ್ರಕಾರ, ಸೇವೆಯ ಒಂದೊಂದು ವರ್ಷಕ್ಕೂ ಹದಿನೈದು ದಿನಗಳ ವೇತನ ಸಲ್ಲಬೇಕಿತ್ತು. ಮೂಲ ವೇತನ ಮತ್ತು ತುಟ್ಟಿಭತ್ಯೆಯನ್ನು ಕೂಡಿ 26ರಿಂದ ಭಾಗಿಸಿ, 15ರಿಂದಲೂ ವರ್ಷಗಳ ಸಂಖ್ಯೆಯಿಂದಲೂ ಗುಣಿಸಬೇಕಿತ್ತು. ಇವರ ಸಂಬಳದಲ್ಲಿ ಆ ಭಾಗ 26,000 ಇದ್ದುದರಿಂದ ಎಂಟು ವರ್ಷಕ್ಕೆ 1,20,000 ಆಯಿತು. ಮೂವತ್ತು ದಿನಗಳೊಳಗೆ ಕೊಡಬೇಕೆಂದು ಕಾಯ್ದೆಯಲ್ಲಿತ್ತು; ಆದರೂ ಖಾತೆಗೆ ಬರುವವರೆಗೆ ಅದನ್ನು ನಂಬಿ ಒಂದು ರೂಪಾಯಿಯ ಖರ್ಚನ್ನೂ ಗೊತ್ತುಮಾಡಲಿಲ್ಲ.

ಬಲಗಡೆಯ ಹಾಳೆಯಲ್ಲಿ, ಮಕ್ಕಳ ಶುಲ್ಕವನ್ನು ಹನ್ನೆರಡು ತಿಂಗಳಿಗೆ ಹಂಚಿ ಸೇರಿಸಿದರೆ, ಖರ್ಚು 69,000ದಷ್ಟಿತ್ತು. ಅದನ್ನು 32,000ಕ್ಕೆ ಇಳಿಸಿದೆವು. ಇಳಿದ 37,000ದಲ್ಲಿ ದಿನಸಿ ಮತ್ತು ತರಕಾರಿಯಿಂದ ಉಳಿದದ್ದು ಬರೀ 1,500. ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಕೆಲಸ ಹೋದ ಮನೆಯಲ್ಲಿ ಎಲ್ಲರ ಕಣ್ಣೂ ಮೊದಲು ಬೀಳುವುದು ಹಾಲಿನ ಪ್ಯಾಕೆಟ್ಟಿನ ಮೇಲೆ, ಎಣ್ಣೆಯ ಮೇಲೆ, ಹಣ್ಣಿನ ಮೇಲೆ. ಅಲ್ಲಿ ಎಷ್ಟೇ ಹಿಂಡಿದರೂ ಸಿಗುವುದು ಸ್ವಲ್ಪ, ಮನೆಮಂದಿಗೆ ಆಗುವ ನೋವು ಮಾತ್ರ ದೊಡ್ಡದು. ಬಾಡಿಗೆ, ಕಂತು, ಶಾಲೆ, ವಿಮೆ ಎಂಬ ನಾಲ್ಕೈದು ದೊಡ್ಡ ಬಾಬತ್ತುಗಳನ್ನು ಮೊದಲ ಹದಿನೈದು ದಿನಗಳಲ್ಲೇ ಇತ್ಯರ್ಥ ಮಾಡಿಕೊಂಡರೆ ಅಡುಗೆಮನೆಯನ್ನು ಅದರ ಪಾಡಿಗೆ ಬಿಡಬಹುದು. ನಮ್ಮ ಮನೆಗೆ ದಿನಕ್ಕೆ ಎರಡು ಲೀಟರ್ ನಂದಿನಿ ಹಾಲು ಬರುತ್ತಿತ್ತು. ಆ ಎಲ್ಲ ತಿಂಗಳುಗಳಲ್ಲೂ ಎರಡು ಲೀಟರೇ ಬಂತು.

ಎಲ್ಲಕ್ಕಿಂತ ದೊಡ್ಡದು ಬಾಡಿಗೆ. 18,000ದ ಮನೆಗೆ ಹತ್ತು ತಿಂಗಳ ಅಡ್ವಾನ್ಸ್ ಎಂದು 1,80,000 ಕೊಟ್ಟಿದ್ದೆವು. ಬೆಂಗಳೂರಿನಲ್ಲಿ ಬಾಡಿಗೆಗಿರುವವರ ದೊಡ್ಡ ಮೊತ್ತವೊಂದು ಹೀಗೆ ಬಡ್ಡಿಯಿಲ್ಲದೆ ಮಾಲೀಕರ ಬಳಿ ಕೂತಿರುತ್ತದೆ, ಆದರೆ ಕಷ್ಟ ಬಂದಾಗ ಅದು ನೆನಪಿಗೆ ಬರುವುದು ಕಡಿಮೆ. ಅಗ್ಗದ ಮನೆಗೆ ಹೋಗೋಣವೆಂದರೆ ಸಾಗಾಣಿಕೆ, ಬ್ರೋಕರಿಗೆ ಒಂದು ತಿಂಗಳ ಬಾಡಿಗೆ, ಬಿಡುವ ಮನೆಗೆ ಬಣ್ಣದ ಖರ್ಚು, ಎಲ್ಲ ಸೇರಿ ಉಳಿಯಬಹುದಾದದ್ದಕ್ಕಿಂತ ಹೆಚ್ಚಾಗುತ್ತಿತ್ತು. ಮೇಲಾಗಿ, ಕೆಲಸವಿಲ್ಲದವರಿಗೆ ಹೊಸದಾಗಿ ಮನೆ ಕೊಡುವವರು ವಿರಳ. ಬಾಡಿಗೆ ಕೊಡುವ ದಿನಕ್ಕಿಂತ ಮೊದಲೇ ನಾವಿಬ್ಬರೂ ಮೇಲಿನ ಮಹಡಿಗೆ ಹೋಗಿ ಮಾಲೀಕರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆವು.

"ಸಾರ್, ಏಳು ತಿಂಗಳು ಅರ್ಧ ಬಾಡಿಗೆ ಕೈಯಿಂದ ಕೊಡ್ತೀವಿ, ಉಳಿದರ್ಧ ಅಡ್ವಾನ್ಸ್‌ನಲ್ಲಿ ಹಿಡ್ಕೊಳ್ಳಿ. ಆಮೇಲೂ ನಿಮ್ಮ ಹತ್ರ ಒಂದು ಲಕ್ಷದ ಮೇಲೆ ಇರುತ್ತೆ," ಎಂದು ಇವರು ಪುಸ್ತಕ ತೋರಿಸಿದರು.

ನಿವೃತ್ತ ಮೇಷ್ಟರಾದ ಅವರು ಲೆಕ್ಕವನ್ನು ಎರಡು ಸಲ ನೋಡಿದರು. "ಕೆಲಸ ಸಿಕ್ಕಿದ ಮೇಲೆ ಮತ್ತೆ ತುಂಬಿಸಿಕೊಡಿ, ಆದ್ರೆ ಇದನ್ನ ಒಂದು ಕಾಗದದಲ್ಲಿ ಬರೆದಿಡೋಣ ರೀ," ಎಂದರು. ಏಳು ಸಲ 9,000, ಅಂದರೆ 63,000 ಮುರಿದುಕೊಂಡ ಮೇಲೂ 1,17,000 ಅವರ ಬಳಿ ಉಳಿಯುವುದೆಂದು ಬರೆದು ಇಬ್ಬರೂ ಸಹಿ ಹಾಕಿದೆವು. ಬಾಡಿಗೆ ತಪ್ಪಿದ ಮೇಲೆ ಹೋಗಿ ಕೇಳುವುದಕ್ಕೂ ತಪ್ಪುವ ಮೊದಲೇ ಹೋಗಿ ಕೇಳುವುದಕ್ಕೂ ಅಜಗಜಾಂತರವಿದೆ. ಶಾಲೆಯಲ್ಲೂ ಹೀಗೆಯೇ ಮೊದಲೇ ಅರ್ಜಿ ಕೊಟ್ಟಿದ್ದರಿಂದ ಎರಡನೆಯ ಕಂತಿನ 42,000ವನ್ನು ಮೂರು ಭಾಗವಾಗಿ ಕಟ್ಟಲು ಒಪ್ಪಿದರು.

ಶಾಲೆಯ ವ್ಯಾನ್ ಬಿಡಿಸಿದೆವು. ಆ ವರ್ಷದ ಜೂನ್ 11ರಿಂದ ಶಕ್ತಿ ಯೋಜನೆ ಜಾರಿಯಲ್ಲಿದ್ದುದರಿಂದ ಬಿಎಂಟಿಸಿ ಬಸ್ಸಿನಲ್ಲಿ ನನಗೂ ಮಗಳಿಗೂ ಟಿಕೆಟ್ಟಿಗೆ ದುಡ್ಡಿಲ್ಲ, ಮಗನಿಗೆ ಅರ್ಧ ಟಿಕೆಟ್. ಟ್ಯೂಷನ್ ಬಿಡಿಸಿದಾಗ ಲೆಕ್ಕ ಮತ್ತು ವಿಜ್ಞಾನವನ್ನು ಇವರೇ ಹೇಳಿಕೊಟ್ಟರು. ಮನೆಗೆಲಸಕ್ಕೆ ಬರುತ್ತಿದ್ದವರಿಗೂ ನಮ್ಮಂಥ ಮನೆಗಳ ಸಂಬಳವೇ ಆಧಾರ. ಆದ್ದರಿಂದ ಒಂದು ತಿಂಗಳು ಮುಂಚಿತವಾಗಿ ತಿಳಿಸಿ, ಎದುರು ಮನೆಯಲ್ಲಿ ಕೆಲಸ ಗೊತ್ತುಮಾಡಿಕೊಟ್ಟ ಮೇಲೆಯೇ ನಿಲ್ಲಿಸಿದೆವು. ಸರ್ಕಾರದ ಯೋಜನೆಗಳನ್ನು ಲೆಕ್ಕಕ್ಕೆ ಹಿಡಿಯುವಾಗ ನಿಯಮ ಓದಿಯೇ ಹಿಡಿಯಬೇಕು. ಗೃಹಲಕ್ಷ್ಮಿಯ 2,000 ಆದಾಯ ತೆರಿಗೆ ಕಟ್ಟುವವರ ಮನೆಗೆ ಬರುವುದಿಲ್ಲ, ಹಾಗಾಗಿ ನಾನು ಅದನ್ನು ಬರೆಯಲೇ ಇಲ್ಲ. ಗೃಹಜ್ಯೋತಿಯಲ್ಲಿ 200 ಯೂನಿಟ್ ಎನ್ನುವುದು ಗರಿಷ್ಠ ಮಿತಿ. 2023ರಲ್ಲಿ ಪ್ರತಿ ಮನೆಗೂ ಅದರ ಹಿಂದಿನ ಸರಾಸರಿ ಬಳಕೆಗೆ ಶೇ. 10 ಸೇರಿಸಿ ಉಚಿತ ಯೂನಿಟ್ ನಿಗದಿಯಾಗುತ್ತಿತ್ತು, ಮೀರಿದ್ದಕ್ಕೆ ಬಿಲ್ ಬರುತ್ತಿತ್ತು. ಹಗಲೆಲ್ಲ ಇನ್ನೂ ಒಬ್ಬರು ಮನೆಯಲ್ಲಿರುವಾಗ ಇದನ್ನು ಗಮನಿಸಬೇಕು.

ಆರೋಗ್ಯ ವಿಮೆಯ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ. ಕಂಪನಿಯ ಗುಂಪು ವಿಮೆ ಕೆಲಸದೊಂದಿಗೇ ಹೋಗುತ್ತದೆ, ಮತ್ತು ಸಂಬಳವಿಲ್ಲದ ಕಾಲದಲ್ಲಿ ಒಂದು ಆಸ್ಪತ್ರೆಯ ಬಿಲ್ ಬಂದರೆ ಪುಸ್ತಕದ ಎಡಗಡೆಯ ಹಾಳೆ ಒಂದೇ ವಾರದಲ್ಲಿ ಖಾಲಿಯಾಗಬಹುದು. ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅವಕಾಶವಿದೆಯೆಂದು ತಿಳಿದು, ಕೆಲಸದ ಕೊನೆಯ ದಿನಕ್ಕಿಂತ ಮೊದಲೇ ಅರ್ಜಿ ಹಾಕಿ ನಾವು ನಾಲ್ವರಿಗೆ ವರ್ಷಕ್ಕೆ 22,000 ಕಟ್ಟಿದೆವು. ಅತ್ತೆಯವರ ವಯಸ್ಸಿಗೆ ಕಂತು ನಮ್ಮ ಕೈಗೆಟುಕಲಿಲ್ಲ. ಅವರ ತಪಾಸಣೆಯನ್ನು ಮಲ್ಲೇಶ್ವರದ ಕೆ.ಸಿ. ಜನರಲ್ ಆಸ್ಪತ್ರೆಗೆ ಬದಲಾಯಿಸಿದೆವು, ಮತ್ತು ವೈದ್ಯರನ್ನು ಕೇಳಿ ಅದೇ ಔಷಧಿಗಳನ್ನು ಜನೌಷಧಿ ಕೇಂದ್ರದಿಂದ ತರಲು ಶುರುಮಾಡಿದಾಗ 2,800 ಆಗುತ್ತಿದ್ದ ಖರ್ಚು 1,400ಕ್ಕೆ ಇಳಿಯಿತು.

ಆ ಮಾತ್ರೆಗಳಿಂದಲೇ ನನಗೆ ಇನ್ನೊಂದು ವಿಷಯ ಗೊತ್ತಾಯಿತು. ನವೆಂಬರ್ ಕೊನೆಯಲ್ಲಿ ಅತ್ತೆಯವರ ಡಬ್ಬಿಯಲ್ಲಿ ಮುಗಿಯಬೇಕಾದ ಪಟ್ಟಿ ಅರ್ಧ ಹಾಗೆಯೇ ಉಳಿದಿತ್ತು. ಕೇಳಿದಾಗ, "ದಿನ ಬಿಟ್ಟು ದಿನ ತಗೊಂಡ್ರೂ ನಡೆಯುತ್ತೆ ಕಣಮ್ಮ, ಆ ದುಡ್ಡು ಮಕ್ಕಳಿಗಾಗ್ಲಿ," ಎಂದರು. ಮನೆಯಲ್ಲಿ ದುಡ್ಡಿನ ಬಗ್ಗೆ ಪಿಸುಮಾತು ನಡೆಯುವಾಗ ದೊಡ್ಡವರು ಯಾರಿಗೂ ಹೇಳದೆ ತಮ್ಮ ಪಾಲನ್ನು ತಾವೇ ಕಡಿಮೆ ಮಾಡಿಕೊಳ್ಳುತ್ತಾರೆ, ಮತ್ತು ಕಡಿಮೆ ಮಾಡಬಾರದ್ದನ್ನೇ ಮಾಡುತ್ತಾರೆ. ಅಂದು ಸಂಜೆ ಎಲ್ಲರನ್ನೂ ಕೂರಿಸಿ ಪುಸ್ತಕವನ್ನು ಗಟ್ಟಿಯಾಗಿ ಓದಿದೆ. "ಅತ್ತೆ, ನಿಮ್ಮ ಮಾತ್ರೆಯ ದುಡ್ಡು ಈ ಲೆಕ್ಕದಲ್ಲಿ ಆಗಲೇ ಸೇರಿದೆ, ನೋಡಿ," ಎಂದು ಆ ಸಾಲನ್ನು ಬೆರಳಿಟ್ಟು ತೋರಿಸಿದೆ. ಆಮೇಲೆ ಪ್ರತಿ ತಿಂಗಳ ಮೊದಲ ಭಾನುವಾರ ಎಲ್ಲರೆದುರು ಓದುವುದು ರೂಢಿಯಾಯಿತು. ಮಗಳು ಕೂಡುವುದರಲ್ಲಿ ನನಗಿಂತ ಚುರುಕು. ಉಳಿದ ತಿಂಗಳುಗಳ ಸಂಖ್ಯೆಯನ್ನು ಅವಳೇ ಬರೆಯುತ್ತಿದ್ದಳು.

ಶಾಲೆಗೂ ವಿಮೆಗೂ ಸೇರಿ 64,000 ಬೇರೆ ತೆಗೆದಿಟ್ಟರೆ ಪೆನ್ನಿನ ಲೆಕ್ಕದಲ್ಲಿ ಒಂದು ಲಕ್ಷ, ಅಂದರೆ ಮೂರು ತಿಂಗಳು. ಗ್ರಾಚ್ಯುಯಿಟಿ ಬಂದಾಗ ಅದು ಸುಮಾರು ಏಳು ತಿಂಗಳಾಯಿತು. ಪಿ.ಎಫ್. ಹಣವನ್ನು ಇದರಲ್ಲಿ ಸೇರಿಸಿರಲಿಲ್ಲ. ಆಗಿನ ನಿಯಮದಂತೆ ಕೆಲಸ ಬಿಟ್ಟು ಒಂದು ತಿಂಗಳಾದರೆ ಶೇ. 75ರಷ್ಟನ್ನು ತೆಗೆಯಬಹುದಿತ್ತು, ಆದರೆ ಕೈಯಲ್ಲಿ ಎರಡು ತಿಂಗಳಿಗಾಗುವಷ್ಟು ಹಣ ಉಳಿದಾಗ ಮಾತ್ರ ಅದಕ್ಕೆ ಕೈಹಾಕುವುದೆಂದು ಗೆರೆ ಎಳೆದುಕೊಂಡೆವು. ಆ ಗೆರೆ ಮುಟ್ಟಿದ ದಿನ ಅರ್ಧ ಸಂಬಳದ ಕೆಲಸ ಬಂದರೂ ಒಪ್ಪುವುದೆಂದು ಇವರೂ ಒಪ್ಪಿದ್ದರು. ತೆಗೆಯದಿದ್ದರೂ ದಾಖಲೆಗಳನ್ನು ಸರಿಮಾಡಿಟ್ಟುಕೊಂಡೆವು, ಏಕೆಂದರೆ ಬ್ಯಾಂಕುಗಳು ವಿಲೀನವಾದ ಮೇಲೆ ಹಳೆಯ ಸಿಂಡಿಕೇಟ್ ಬ್ಯಾಂಕ್ ಖಾತೆಗಳ ಐಎಫ್‌ಎಸ್‌ಸಿ, ಅಂದರೆ ಶಾಖೆಯ ಸಂಕೇತ, ಬದಲಾಗಿದೆ, ಹಳೆಯದೇ ಇದ್ದರೆ ಹಣ ಬರುವುದಿಲ್ಲ. ಕೆಲಸ ಬಿಟ್ಟ ದಿನಾಂಕ ದಾಖಲಾಗಿದೆಯೇ ಎಂದೂ ನೋಡಬೇಕು.

ಸ್ಕೂಟರಿನ 3,900ರ ಕಂತನ್ನು ಒಂದು ತಿಂಗಳೂ ತಪ್ಪಿಸಲಿಲ್ಲ. ಕ್ರೆಡಿಟ್ ಕಾರ್ಡಿನ ಕನಿಷ್ಠ ಮೊತ್ತ ಕಟ್ಟಿ ಉಳಿದದ್ದನ್ನು ಮುಂದೂಡುವುದಕ್ಕೂ ಮೊಬೈಲಿನಲ್ಲಿ ತಕ್ಷಣ ಸಾಲ ಕೊಡುವ ಆ್ಯಪ್‌ಗಳಿಗೂ ನಾವು ಹತ್ತಿರ ಹೋಗಲಿಲ್ಲ. ಕಾರ್ಡಿನಲ್ಲಿ ತಿಂಗಳಿಗೆ ಶೇ. 3ಕ್ಕೂ ಹೆಚ್ಚು ಬಡ್ಡಿ ಬೀಳುವಾಗ ಯಾವ ಉಳಿತಾಯವೂ ನಿಲ್ಲುವುದಿಲ್ಲ.

ಡಿಸೆಂಬರಿನಿಂದ ನಾನು ಹತ್ತಿರದ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿನಲ್ಲಿ ಬಿಲ್ ನಮೂದಿಸುವ ಕೆಲಸಕ್ಕೆ ಸೇರಿದೆ. ಜಿಎಸ್‌ಟಿ ರಿಟರ್ನ್‌ಗಾಗಿ ತಿಂಗಳ 11 ಮತ್ತು 20ನೆಯ ತಾರೀಖಿನ ಹಿಂದಿನ ದಿನಗಳಲ್ಲಿ ಕೆಲಸ ಹೆಚ್ಚು, ಉಳಿದಂತೆ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು, ತಿಂಗಳಿಗೆ 8,000. ಇವರು ಪೀಣ್ಯದ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಅಳತೆ ಉಪಕರಣಗಳನ್ನು ಪರೀಕ್ಷಿಸಿಕೊಡುವ ಬಿಡಿ ಕೆಲಸ ಹಿಡಿದರು. ಹೀಗಾಗಿ ಎರಡು ತಿಂಗಳ ಗೆರೆಗೆ ಇನ್ನೂ ಸ್ವಲ್ಪ ದೂರವಿರುವಾಗಲೇ, 2024ರ ಮೇ ತಿಂಗಳಲ್ಲಿ, ದಾಬಸ್‌ಪೇಟೆಯ ಕಡೆ 52,000 ಸಂಬಳದ ಕೆಲಸ ಸಿಕ್ಕಿತು.

ಇನ್ನೊಂದು ಬಾಬತ್ತು ಪೆನ್ಸಿಲಿನಲ್ಲಿಯೇ ಉಳಿದಿತ್ತು. ವರ್ಷಪೂರ್ತಿ ಸಂಬಳ ಬರುತ್ತದೆಂದು ಲೆಕ್ಕ ಹಾಕಿ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಂಪನಿಯವರು 21,000 ತೆರಿಗೆ ಮುರಿದಿದ್ದರು. ಅರ್ಧ ವರ್ಷದ ಸಂಬಳ ಮಾತ್ರ ಬಂದದ್ದರಿಂದ ಒಟ್ಟು ಆದಾಯ ಹೊಸ ತೆರಿಗೆ ಪದ್ಧತಿಯಲ್ಲಿ ಆಗಿದ್ದ 7 ಲಕ್ಷದ ರಿಯಾಯಿತಿ ಮಿತಿಯೊಳಗೇ ಇತ್ತು, ತೆರಿಗೆಯೇ ಬೀಳುತ್ತಿರಲಿಲ್ಲ. ಮಧ್ಯದಲ್ಲಿ ಕೆಲಸ ಹೋದವರು ಇನ್ನೇನು ತೆರಿಗೆ ಎಂದು ರಿಟರ್ನ್ಸ್ ಸಲ್ಲಿಸದೇ ಬಿಟ್ಟರೆ ಈ ಹಣ ವಾಪಸು ಬರುವುದಿಲ್ಲ. ನಾವು ಕಂಪನಿಯಿಂದ ಫಾರಂ 16, ಅಂದರೆ ಮುರಿದ ತೆರಿಗೆಯ ಪ್ರಮಾಣಪತ್ರ, ತರಿಸಿಕೊಂಡು ಜುಲೈ 31ರ ಗಡುವಿನೊಳಗೆ ಸಲ್ಲಿಸಿದೆವು. ಬಂದ 21,000ಕ್ಕೆ ಒಂದು ಸಾವಿರ ಸೇರಿಸಿ, ಸೆಪ್ಟೆಂಬರಿನಲ್ಲಿ ವಿಮೆಯ ಎರಡನೆಯ ವರ್ಷದ ಕಂತು ಕಟ್ಟಿದೆವು. ಮಾಲೀಕರ 63,000ವನ್ನು ಹೊಸ ಸಂಬಳದಿಂದ ತಿಂಗಳಿಗೆ 4,500ರಂತೆ ಬಾಡಿಗೆಯ ಜೊತೆಗೇ ಕೊಡುತ್ತ ಬಂದೆವು, ಆ ಕಾಗದದ ಹಿಂಬದಿಯಲ್ಲಿ ಅವರು ಪ್ರತಿ ಸಲವೂ ದಿನಾಂಕ ಹಾಕಿ ಬರೆದುಕೊಟ್ಟರು.