ಸಿರಿಂಜಿಗೆ ಬಂದ ಅಕ್ಕಚ್ಚು

ಹನುಮಂತನಗರದ ನನ್ನ ಕ್ಲಿನಿಕ್ಕಿಗೆ 2019ರಲ್ಲಿ ಒಬ್ಬ ಟೈಲರಮ್ಮ ಬಂದರು. ನಲವತ್ತೈದರ ಆಸುಪಾಸು ವಯಸ್ಸು. ಬಲಗೈಯನ್ನು ಎಡಗೈಯಲ್ಲಿ ಹಸುಗೂಸಿನ ಹಾಗೆ ಹಿಡಿದುಕೊಂಡಿದ್ದರು. ಮೂರು ರಾತ್ರಿಯಿಂದ ನಿದ್ದೆ ಇಲ್ಲ, ಬ್ಲೌಸ್ ಹೊಲಿಯುವುದು ರಾಶಿ ಬಿದ್ದಿದೆ. "ಕೈ ಎತ್ತೋಕಾಗಲ್ಲ ಅಂದ್ರೆ ನಮ್ಮತ್ತೆ ನಾಟಕ ಅಂತಾರೆ ಡಾಕ್ಟ್ರೇ" ಅಂದರು.

ಭುಜದ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಮಾಡಿದೆ. ತೋಳಿನ ಮೂಳೆಯ ಗುಂಡನ್ನು ನಾಲ್ಕು ಟೆಂಡನ್‌ಗಳು ಸುತ್ತ ಹಿಡಿದಿರುತ್ತವೆ. ಟೆಂಡನ್ ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿ. ಮೇಲ್ಗಡೆಯದರ ಹೆಸರು ಸುಪ್ರಾಸ್ಪೈನೇಟಸ್. ರೋಗಿಗಳಿಗೆ ಇದೆಲ್ಲಾ "ನರ"ವೇ, ನಾನೂ ತಿದ್ದಲು ಹೋಗುವುದಿಲ್ಲ. ಆ ಮೇಲ್ಗಡೆಯ ಟೆಂಡನ್ನಿನೊಳಗೆ ಕಡಲೆಕಾಳಿನಷ್ಟು ದಪ್ಪದ ಬೆಳ್ಳನೆ ಗಂಟು ಕಂಡಿತು.

"ಸುಣ್ಣ ಕಟ್ಟಿದೆಯಮ್ಮ" ಅಂದುಬಿಟ್ಟೆ. ಅಂದಿದ್ದೇ ತಪ್ಪಾಯಿತು. "ಎಲೆ ಅಡಿಕೆ ಬಿಡ್ಬೇಕಾ? ರಾಗಿ ಮುದ್ದೆ ತಿನ್ಬಾರ್ದಾ?" ಎರಡಕ್ಕೂ ಇದಕ್ಕೂ ಸಂಬಂಧವಿಲ್ಲ. ಮೂಳೆ, ಹಲ್ಲಿನಲ್ಲಿರುವಂಥದೇ ಕ್ಯಾಲ್ಸಿಯಂ ಟೆಂಡನ್ನಿನಲ್ಲಿ ತಾನಾಗಿ ಕೂರುತ್ತದೆ. (ಅಡಿಕೆ ಬಿಡುವುದಕ್ಕೆ ಬೇರೆ ಕಾರಣ ಇದೆ, ಅದು ಬಾಯಿಗೆ ಸೇರಿದ್ದು.) ಗಂಟು ವರ್ಷಗಟ್ಟಲೆ ಸುಮ್ನೆ ಇರಬಹುದು. ದೇಹ ಅದನ್ನು ಕರಗಿಸಲು ಶುರು ಮಾಡಿದಾಗಲೇ ಜೀವ ಹೋಗುವಂಥ ನೋವು. ಅವರಿಗೆ ಆಗಿದ್ದು ಅದೇ.

ಗಂಟನ್ನು ಸೂಜಿಯಿಂದ ತೊಳೆದು ತೆಗೆಯೋಣ ಅಂತ ಅರ್ಧ ಒರಗಿಸಿ ಮಲಗಿಸಿದೆ. ಕೂರಿಸಿ ಮಾಡಿದರೆ ಕೆಲವರು ಸೂಜಿ ನೋಡಿಯೇ ತಲೆ ಸುತ್ತಿ ಬೀಳುತ್ತಾರೆ. ಚರ್ಮಕ್ಕೂ ಟೆಂಡನ್ನಿನ ಮೇಲಿರುವ ನೀರುಚೀಲಕ್ಕೂ ಲಿಗ್ನೋಕೇನ್ ಕೊಟ್ಟು ಮರಗಟ್ಟಿಸಿದೆ. ಆಮೇಲೆ 18 ಗೇಜಿನ ದಪ್ಪ ಸೂಜಿ. ಪರದೆಯಲ್ಲಿ ಸೂಜಿಯ ತುದಿ ಕಾಣುತ್ತಲೇ ಇರಬೇಕು, ಕಾಣದಿದ್ದರೆ ಕೈ ನಿಲ್ಲಬೇಕು. ಗಂಟಿನೊಳಗೆ ಹೋದಾಗ ಸೀಮೆಸುಣ್ಣಕ್ಕೆ ಚುಚ್ಚಿದ ಹಾಗೆ ಬೆರಳಿಗೆ ಗೊತ್ತಾಗುತ್ತದೆ. ಗಂಟಿಗೆ ಒಂದೇ ತೂತು. ಶುರುವಿನಲ್ಲಿ ನಾನು ಅವಸರಪಟ್ಟು ಎರಡು ಮೂರು ಕಡೆ ಚುಚ್ಚುತ್ತಿದ್ದೆ. ಆಗ ಒತ್ತಿದ ನೀರು ಬೇರೆ ತೂತಿನಿಂದ ಸೋರಿಹೋಗುತ್ತದೆ, ಸಿರಿಂಜಿಗೆ ವಾಪಸ್ ಬರುವುದಿಲ್ಲ.

ಉಗುರುಬೆಚ್ಚಗಿನ ಸಲೈನನ್ನು ಸ್ವಲ್ಪ ಒತ್ತಬೇಕು, ಬೆರಳು ಸಡಿಲಿಸಬೇಕು. ಮತ್ತೆ ಒತ್ತಬೇಕು, ಬಿಡಬೇಕು. ಮೊದಲ ನಾಲ್ಕೈದು ಸಲ ಏನೂ ಬರಲಿಲ್ಲ. ಆಮೇಲೆ ಸಿರಿಂಜಿನೊಳಗೆ ಬೆಳ್ಳನೆ ಹೊಗೆಯಂತೆ ಸುರುಳಿ ಸುರುಳಿಯಾಗಿ ಇಳಿಯಿತು. ಸಿರಿಂಜು ಎತ್ತಿ ತೋರಿಸಿದೆ. "ಅಯ್ಯೋ, ಅಕ್ಕಚ್ಚು!" ಅಂದರು. ಅಕ್ಕಿ ತೊಳೆದ ನೀರು ಥೇಟ್ ಹಾಗೇ ಇರುತ್ತದೆ. ಇಷ್ಟು ವರ್ಷ ನನಗೆ ಈ ಹೋಲಿಕೆ ಹೊಳೆದಿರಲಿಲ್ಲ.

ಕೊನೆಯಲ್ಲಿ ನೀರುಚೀಲಕ್ಕೆ 40 ಮಿಲಿಗ್ರಾಂ ಸ್ಟೀರಾಯ್ಡ್. ಚೀಲಕ್ಕೆ ಮಾತ್ರ, ಟೆಂಡನ್ನಿನೊಳಕ್ಕೆ ಅಲ್ಲ. ಒಳಕ್ಕೆ ಹೋದರೆ ಟೆಂಡನ್ ದುರ್ಬಲವಾಗುತ್ತದೆ. ಸ್ಟೀರಾಯ್ಡ್ ಕೆಲವು ದಿನ ಶುಗರ್ ಏರಿಸುತ್ತದೆ, ಅದಕ್ಕೇ ಶುಗರ್ ಇದೆಯಾ ಅಂತ ಮೊದಲೇ ಎರಡು ಸಲ ಕೇಳಿದ್ದೆ. ಹಿಂದೊಮ್ಮೆ ಒಬ್ಬ ಹಿರಿಯರಿಗೆ ಇದನ್ನು ಹೇಳಲು ಮರೆತು, ಮೂರನೇ ದಿನ "ಶುಗರ್ 350 ದಾಟಿದೆ, ಏನು ಕೊಟ್ಟಿರಿ ನನಗೆ?" ಅಂತ ಬೈಸಿಕೊಂಡಿದ್ದೆ. ತಪ್ಪು ನನ್ನದೇ.

ಸಿರಿಂಜನ್ನು ಮನೆಗೆ ಕೊಡಿ ಅಂದರು, ಅತ್ತೆಗೆ ತೋರಿಸಬೇಕಂತೆ. ಅದು ಕೆಂಪು ಡಬ್ಬಿಗೆ ಹೋಗಬೇಕಾದ ಆಸ್ಪತ್ರೆ ಕಸ, ಕೊಡುವ ಹಾಗಿಲ್ಲ. ಫೋನಿನಲ್ಲಿ ಫೋಟೋ ತೆಗೆದುಕೊಂಡರು. ಆ ರಾತ್ರಿ ನೋವು ಜಾಸ್ತಿಯಾಗಬಹುದು, ಐಸ್ ಇಡಿ, ಪ್ಯಾರಾಸಿಟಮಾಲ್ ತಗೊಳ್ಳಿ ಅಂದೆ. ಎರಡು ವಾರ ಬಿಟ್ಟು ಬಂದು ಕೈ ಮೇಲಕ್ಕೆತ್ತಿ ತೋರಿಸಿದರು. ನನಗೆ ಒಳಗೊಳಗೇ ಜಂಬ.

2023ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆಯಲ್ಲಿ ಇದೇ ಚಿಕಿತ್ಸೆಯ ಬಗ್ಗೆ ಒಂದು ಅಧ್ಯಯನ ಬಂತು. ನಾರ್ವೆ, ಸ್ವೀಡನ್ನಿನ ಆರು ಆಸ್ಪತ್ರೆ, 220 ಜನ. ಕೆಲವರಿಗೆ ಗಂಟನ್ನು ನಿಜವಾಗಿ ತೊಳೆದರು, ಸ್ಟೀರಾಯ್ಡನ್ನೂ ಕೊಟ್ಟರು. ಕೆಲವರಿಗೆ ತೊಳೆದ ಹಾಗೆ ನಟಿಸಿ ಸ್ಟೀರಾಯ್ಡ್ ಕೊಟ್ಟರು. ಇನ್ನು ಕೆಲವರಿಗೆ ಬರೀ ನಟನೆ. ಸ್ಟೀರಾಯ್ಡ್ ಬಿದ್ದವರಿಗೆ ಮೊದಲ ಕೆಲವು ವಾರ ಆರಾಮ. ನಾಲ್ಕು ತಿಂಗಳಿಗೆ ಮೂರೂ ಗುಂಪು ಒಂದೇ. ಓದಿ ಎರಡು ದಿನ ಮಂಕಾಗಿದ್ದೆ. ಅಲ್ಲಿದ್ದವರು ಬಹಳ ದಿನದ ನೋವಿನವರು, ಟೈಲರಮ್ಮನ ಹಾಗೆ ಥಟ್ಟನೆ ಬಂದ ನೋವಿನವರಲ್ಲ ಅಂತ ಸಮಾಧಾನ ಹೇಳಿಕೊಂಡೆ. ಆದರೂ ಹುಳ ಕೊರೆಯುತ್ತಲೇ ಇತ್ತು. ಕರಗುವ ಹಂತಕ್ಕೆ ಬಂದ ಗಂಟು ಎಷ್ಟೋ ಸಲ ತಾನೇ ಹೋಗುತ್ತದೆ. ಅವರ ಕೈ ಎತ್ತಿಸಿದ್ದು ನನ್ನ ಸೂಜಿಯಾ, ಸ್ಟೀರಾಯ್ಡಾ, ದಿನ ಕಳೆದದ್ದಾ? ಆ ಬಿಳಿ ನೀರನ್ನು ಅವರಿಗೆ ತೋರಿಸಿದೆ ಅಂದುಕೊಂಡಿದ್ದೆ. ಅದನ್ನು ನೋಡಿ ಹೆಚ್ಚು ನಂಬಿದವನು ನಾನೇ ಅಲ್ವಾ?

ಈಗ ದಪ್ಪ ಸೂಜಿ ಅಪರೂಪ. ಗೋಡೆ ಮೇಲೆ ಬೆರಳು ಹತ್ತಿಸುವ, ರಬ್ಬರ್ ಬ್ಯಾಂಡ್ ಎಳೆಯುವ ವ್ಯಾಯಾಮ ಮೂರು ತಿಂಗಳು ಮಾಡಿಸುತ್ತೇನೆ. ನಿದ್ದೆ ಕೆಡಿಸುವ ನೋವಿಗೆ ಮಾತ್ರ ಒಂದು ಸ್ಟೀರಾಯ್ಡ್ ಇಂಜೆಕ್ಷನ್. "ಪಿಆರ್‌ಪಿ ಹಾಕಿ" ಅಂತ ಕೇಳಿಕೊಂಡೇ ಬರುವವರೂ ಇದ್ದಾರೆ. ಅವರದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ತುಂಬಿದ ಭಾಗವನ್ನು ಚುಚ್ಚುವುದು. ಖರ್ಚು ಜಾಸ್ತಿ, ಫಲ ಒಬ್ಬೊಬ್ಬರಲ್ಲಿ ಒಂದೊಂದು ಥರ. ನಾನಾಗಿ ಯಾರಿಗೂ ಹೇಳುವುದಿಲ್ಲ.

ಕಳೆದ ತಿಂಗಳು ಟೈಲರಮ್ಮ ಮತ್ತೆ ಬಂದಿದ್ದರು, ಈ ಸಲ ಎಡ ಭುಜ. ಚಿಕ್ಕ ಗಂಟು, ತಡೆದುಕೊಳ್ಳುವಷ್ಟೇ ನೋವು. ಚುಚ್ಚುವುದು ಬೇಡ, ವ್ಯಾಯಾಮ ಸಾಕು ಅಂದೆ. ಅವರ ಮುಖ ಸಣ್ಣಗಾಯಿತು.

"ಹಾಗಾದ್ರೆ ಅತ್ತೆಗೆ ಏನು ತೋರಿಸ್ಲಿ ಡಾಕ್ಟ್ರೇ?"

ಸ್ಕ್ಯಾನಿಂಗಿನ ಪ್ರಿಂಟ್ ತೆಗೆದು, ಗಂಟಿನ ಸುತ್ತ ಪೆನ್ನಿನಲ್ಲಿ ದೊಡ್ಡದಾಗಿ ಸುತ್ತು ಹಾಕಿ ಕೊಟ್ಟೆ.