ಹೊಂಡ ತುಂಬಿದ್ದೇ ತಪ್ಪಾಗಿತ್ತು

ಪಾರ್ಕಿನ ಮೌಂಟನ್ ಬೈಕ್ ದಾರಿಯ ಒಂದು ತಿರುವಿನಲ್ಲಿ ಪ್ರತಿ ಮಳೆಗೂ ನೀರು ನಿಲ್ಲುತ್ತಿತ್ತು. ಆ ಹೊಂಡಕ್ಕೆ ನಾನೇ ಎರಡು ಸಲ ಮಣ್ಣು ತುಂಬಿದೆ. ಸುಮ್ನೆ ಬೆನ್ನು ನೋವು ಬಂತು, ಅಷ್ಟೇ. ಕೆಸರು ತಪ್ಪಿಸಲು ಎಲ್ಲರೂ ಪಕ್ಕದ ಹುಲ್ಲು ತುಳಿದು ದಾರಿ ಎರಡರಷ್ಟು ಅಗಲವಾಗಿತ್ತು.

ಒಂದು ದಿನ ಮಳೆಯಲ್ಲೇ ನಿಂತು ನೋಡಿದೆ. ಇಳಿಜಾರಿನ ಕಡೆಯ ಅಂಚಿನಲ್ಲಿ ಚಕ್ರಗಳು ತಳ್ಳಿದ ಮಣ್ಣು ನಾಲ್ಕು ಬೆರಳೆತ್ತರದ ಬದುವಾಗಿ ಕೂತಿತ್ತು. ನೀರು ಹೋಗೋದಾದರೂ ಎಲ್ಲಿಂದ?

ಪಾರ್ಕಿನವರನ್ನು ಕೇಳಿ, ನೆಲ ಸ್ವಲ್ಪ ಆರಿದ ಮೇಲೆ, ಬದುವನ್ನು 3 ಮೀಟರ್ ಉದ್ದಕ್ಕೆ ಗುದ್ದಲಿಯಿಂದ ಕೆರೆದು ತೆಗೆದೆ. ದಾರಿಯನ್ನು ಇಳಿಜಾರಿನ ಕಡೆಗೆ ಮೀಟರಿಗೆ 5 ಸೆಂಟಿಮೀಟರಿನಷ್ಟು ವಾಲಿಸಿ ಬಡಿದು ಗಟ್ಟಿ ಮಾಡಿದೆ. ಅಡ್ಡ ಚರಂಡಿ ತೋಡಲಿಲ್ಲ. ಅದರಲ್ಲಿ ಮುಂದಿನ ಚಕ್ರ ಸಿಕ್ಕಿಕೊಳ್ಳುತ್ತದೆ, ಹೂಳೂ ಜಾಸ್ತಿ.

ಮುಂದಿನ ಮಳೆಗೆ ನೀರು ತೆಳ್ಳಗೆ ಹರಡಿ ಹುಲ್ಲಿಗೆ ಇಳಿಯಿತು. ಎಲೆ ಕಟ್ಟಿಕೊಂಡಾಗ ಮಾತ್ರ ಕಾಲಿನಿಂದ ಸರಿಸುತ್ತೇನೆ.