ಡೇಟಾ ಸಿಗುವ ಮೊದಲೇ ಬನ್ನಿ, ಡಾಕ್ಟ್ರೇ

ವೈದ್ಯಕೀಯ ಕಾಲೇಜೊಂದರಲ್ಲಿ ಪಿಜಿ ವಿದ್ಯಾರ್ಥಿಗಳ ಥೀಸಿಸ್‌ಗೆ ಸಂಖ್ಯಾಶಾಸ್ತ್ರದ ಸಹಾಯ ಮಾಡುವುದು ನನ್ನ ಕೆಲಸ. ಹೆಚ್ಚಿನವರು ಬರುವುದು ಕೊನೆಯಲ್ಲಿ. "ಸರ್, ಡೇಟಾ ಎಲ್ಲ ಆಗಿದೆ, ಪಿ ವ್ಯಾಲ್ಯೂ ಒಂದು ಹಾಕಿಕೊಡಿ." (ನಿಜವಾದ ವ್ಯತ್ಯಾಸ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವವೇ ಪಿ ವ್ಯಾಲ್ಯೂ.) ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನನ್ನು ಕೇಳುವುದು ಪೋಸ್ಟ್ ಮಾರ್ಟಂ ಮಾಡಿಸಿದ ಹಾಗೆ ಎಂದು ಹೆಸರಾಂತ ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಶರ್ 1938ರಲ್ಲಿ ಕಲ್ಕತ್ತಾದಲ್ಲೇ ಹೇಳಿದ್ದರು. ಡಾಕ್ಟರುಗಳಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ಸಿನಾಪ್ಸಿಸ್, ಅಂದರೆ ಥೀಸಿಸ್‌ನ ಆರಂಭದ ಯೋಜನೆ, ಬರೆಯುವಾಗಲೇ ಬನ್ನಿ ಎನ್ನುತ್ತೇನೆ. ಬಂದವರ ಮೊದಲ ಪ್ರಶ್ನೆ ಸ್ಯಾಂಪಲ್ ಸೈಜ್, ಅಂದರೆ ಅಧ್ಯಯನಕ್ಕೆ ಎಷ್ಟು ಜನ ಬೇಕು ಎಂಬುದು. "ಗೈಡ್ 60 ಸಾಕು ಅಂದಿದ್ದಾರೆ." ಯಾಕೆ 60? ಗೊತ್ತಿಲ್ಲ, ಸೀನಿಯರ್ ಥೀಸಿಸ್‌ನಲ್ಲೂ 60 ಇತ್ತು! ಆಗ ಕಾಗದ ತೆಗೆದು 4pq/d² ಬರೆಯುತ್ತೇನೆ: p ಕಾಯಿಲೆ ಇರುವವರ ಶೇಕಡಾ, q ಇಲ್ಲದವರ ಶೇಕಡಾ, d ನಾವು ಒಪ್ಪುವ ತಪ್ಪು. ಕಾಯಿಲೆ ಶೇ. 40 ಜನರಲ್ಲಿ ಇದೆ ಎಂದುಕೊಳ್ಳಿ. ಆಚೀಚೆ 10 ಅಂಶದ ತಪ್ಪು ನಡೆಯುತ್ತದೆ ಎಂದರೆ 96 ಜನ ಸಾಕು. 5 ಅಂಶಕ್ಕೆ ಇಳಿಸಿದರೆ 384. ಇನ್ನು ಕೆಲವರು 'ಶೇ. 10 ತಪ್ಪು' ಎಂದರೆ 40ರ ಶೇ. 10, ಅಂದರೆ 4 ಎಂದು ಹಿಡಿಯುತ್ತಾರೆ. ಆಗ 600! ಸೂತ್ರ ಒಂದೇ, ಉತ್ತರ ಮೂರು. 60ಕ್ಕೇ ನಿಲ್ಲುವುದಾದರೆ, ನಿಜವಾದ ಅಂಕಿ 27ರಿಂದ 53ರ ನಡುವೆ ಎಲ್ಲಾದರೂ ಇರಬಹುದು ಅಂತ ಒಪ್ಪಿಕೊಳ್ಳಬೇಕು. ಇದನ್ನು ಗೈಡ್ ಮುಂದೆ ಹೇಳುವುದು ಪಾಪ ವಿದ್ಯಾರ್ಥಿಗೆ ಕಷ್ಟ. ಅದಕ್ಕೇ ಲೆಕ್ಕ ಹಾಕಿದ ಕಾಗದವನ್ನು ಕೈಗೆ ಕೊಟ್ಟು ಕಳಿಸುತ್ತೇನೆ.

ಆಮೇಲೆ ಮಾಸ್ಟರ್ ಚಾರ್ಟ್, ಅಂದರೆ ಎಲ್ಲ ರೋಗಿಗಳ ಡೇಟಾ ತುಂಬುವ ಪಟ್ಟಿ. ಖಾಲಿ ಎಕ್ಸೆಲ್ ಶೀಟ್ ನಾವಿಬ್ಬರೂ ಕೂತು ಮಾಡುತ್ತೇವೆ. ಒಬ್ಬ ರೋಗಿಗೆ ಒಂದು ಸಾಲು. ಬಿಪಿ 140/90 ಅಂತ ಒಂದೇ ಮನೆಯಲ್ಲಿ ಬೇಡ, ಎರಡು ಕಾಲಂ ಮಾಡಿ. ವಯಸ್ಸಿನ ಮುಂದೆ 'ವರ್ಷ' ಅಂತ ಬರೆಯಬೇಡಿ. ಪರೀಕ್ಷೆ ಮಾಡಿಸದಿದ್ದರೆ ಖಾಲಿ ಬಿಡಿ, ಸೊನ್ನೆ ಹಾಕಬೇಡಿ. ಹಿಮೋಗ್ಲೋಬಿನ್ ಸೊನ್ನೆ ಇರುವ ಮನುಷ್ಯ ಎಲ್ಲಿದ್ದಾನೆ? ಸುಮ್ನೆ ಸರಾಸರಿ ಕೆಡುತ್ತದೆ, ಅಷ್ಟೆ.

ಇಷ್ಟು ಸರಿಯಾದರೆ ಟೆಸ್ಟ್ ಆರಿಸುವುದು ಸಣ್ಣ ಕೆಲಸ. ಅದೇ ರೋಗಿಯ ಮೊದಲಿನ ಮತ್ತು ನಂತರದ ಅಳತೆಯಾದರೆ, ಆ ಜೋಡಿ ಅಳತೆಗಳ ಸರಾಸರಿ ವ್ಯತ್ಯಾಸ ನೋಡುವ ಪೇರ್ಡ್ ಟಿ ಟೆಸ್ಟ್. ಎರಡು ಬೇರೆ ಗುಂಪಾದರೆ ಅದು ನಡೆಯುವುದಿಲ್ಲ. ಎರಡು ಗುಂಪುಗಳಲ್ಲಿ ಹೌದು-ಇಲ್ಲ ಎಣಿಸಿದ 2×2 ಕೋಷ್ಟಕದ ಮನೆಯೊಂದರಲ್ಲಿ, ಗುಂಪುಗಳ ನಡುವೆ ವ್ಯತ್ಯಾಸವೇ ಇಲ್ಲದಿದ್ದರೆ ನಿರೀಕ್ಷಿತ ಸಂಖ್ಯೆ 5ಕ್ಕಿಂತ ಕಡಿಮೆ ಬಂದರೆ ಕೈ ಸ್ಕ್ವೇರ್ ಬಿಟ್ಟು ಫಿಶರ್ ಟೆಸ್ಟ್, ಅದೇ ಫಿಶರ್‌ದು. ಎಸ್‌ಪಿಎಸ್‌ಎಸ್ ತಂತ್ರಾಂಶ ಪಿ ವ್ಯಾಲ್ಯೂವನ್ನು 0.000 ಎಂದು ತೋರಿಸಿದರೆ, ಥೀಸಿಸ್‌ನಲ್ಲಿ 0.001ಕ್ಕಿಂತ ಕಡಿಮೆ ಎಂದು ಬರೆಯಬೇಕು.

ಪಿ ವ್ಯಾಲ್ಯೂ ರೂಢಿಯ ಗಡಿ 0.05 ದಾಟಿ 0.06 ಬಂದಾಗ ಮಾತ್ರ ಮುಖ ಸಪ್ಪಗಾಗುತ್ತದೆ. "ಇಬ್ಬರು ರೋಗಿಗಳನ್ನು ಕೈಬಿಟ್ಟರೆ ಆಗುತ್ತಾ ಸರ್?" ಆಗುವುದಿಲ್ಲ. ಕಾನ್ಫಿಡೆನ್ಸ್ ಇಂಟರ್ವಲ್ (ಮೇಲಿನ 27-53ರ ಹಾಗೆ, ನಿಜವಾದ ಅಂಕಿ ಇರಬಹುದಾದ ವ್ಯಾಪ್ತಿ) ಜೊತೆಗೆ ಬಂದದ್ದನ್ನೇ ಬರೆಯಿರಿ ಎನ್ನುತ್ತೇನೆ. ಕೆಲವರು ಬೇರೆಯವರ ಹತ್ತಿರ ಹೋಗುತ್ತಾರೆ, ಹೋಗಲಿ.

ಕೊನೆಯ ವಿಶ್ಲೇಷಣೆಯನ್ನು ನಾನು ಮಾಡಿಕೊಡುವುದಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಜಮೋವಿ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದಲ್ಲಿ ಅವರ ಕೈಯಿಂದಲೇ ಮಾಡಿಸುತ್ತೇನೆ. ಅದು ಉಚಿತ, ಮನೆಯ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತದೆ. ಈ ಟೆಸ್ಟ್ ಯಾಕೆ ಅಂತ ಎಕ್ಸ್‌ಟರ್ನಲ್ ವೈವಾದಲ್ಲಿ ಕೇಳಿದರೆ ಉತ್ತರ ಕೊಡಬೇಕಾದವರು ಅವರೇ ಅಲ್ವಾ?